ನೆಲ ನಡುಗಿದ್ದು ಭೂಕಂಪಕ್ಕೋ, ಅಣುಪರೀಕ್ಷೆಗೋ?

ಅಣುಪರೀಕ್ಷೆ ನಿಷೇಧ ಮತ್ತು ಭೂಕಂಪಮಾಪನದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಭೂಕಂಪಮಾಪಕದ ಗೆರೆ ನೋಡಿ ‘ಇದು ಅಣುಪರೀಕ್ಷೆ’ ಎಂದು ಹೇಗೆ ಹೇಳುತ್ತಾರೆ? ಅದಕ್ಕೊಂದು ಸೂತ್ರ ಇದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಂದೇ ಸೂತ್ರ ಇಲ್ಲ. ನಾಲ್ಕೈದು ಗುರುತುಗಳನ್ನು ತಾಳೆ ನೋಡಿ ಹೇಳುತ್ತಾರೆ. ಅಲೆಗಳಿಂದ ತಿಳಿಯುವುದು ‘ಇದು ಸ್ಫೋಟ’ ಎಂಬುದಷ್ಟೇ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅದು ಅಣುಸ್ಫೋಟವೋ, ಅಷ್ಟೇ ಶಕ್ತಿಯ ಟಿಎನ್‌ಟಿ ಎಂಬ ರಾಸಾಯನಿಕ ಸ್ಫೋಟಕವೋ ಎಂದು ಭೂಕಂಪಮಾಪಕಕ್ಕೆ ಗೊತ್ತಾಗುವುದಿಲ್ಲ.

ಮೊದಲ ಗುರುತು, ಮೊದಲ ಚಲನೆ. ಸ್ಫೋಟ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಯಾವ ದಿಕ್ಕಿನ ಭೂಕಂಪಮಾಪನ ಕೇಂದ್ರದಲ್ಲಿ ನೋಡಿದರೂ, ಬಂಡೆಯನ್ನು ಹಿಂದೆ ಮುಂದೆ ತಳ್ಳುತ್ತ ಎಲ್ಲಕ್ಕಿಂತ ಮೊದಲು ಬರುವ ಪಿ ಅಲೆ ನೆಲವನ್ನು ಮೇಲಕ್ಕೆ ಎತ್ತಬೇಕು. ಭೂಕಂಪದಲ್ಲಿ ಬಿರುಕಿನ ಎರಡು ಮಗ್ಗುಲು ಒಂದಕ್ಕೊಂದು ಜಾರುವುದರಿಂದ ಕೆಲವು ಕಡೆ ಮೇಲಕ್ಕೆ, ಕೆಲವು ಕಡೆ ಕೆಳಕ್ಕೆ. ಪುಸ್ತಕದಲ್ಲಿ ಚೆಂದವಾಗಿ ಕಾಣುವ ಈ ಗುರುತು ಸಣ್ಣ ಘಟನೆಗಳಲ್ಲಿ ಕೈಕೊಡುತ್ತದೆ. ನೆಲದ ನಿತ್ಯದ ಸಣ್ಣ ಅಲುಗಾಟಗಳ ಗದ್ದಲದಲ್ಲಿ ಅಲೆಯ ಮೊದಲ ಅರ್ಧ ಸುತ್ತು ಮುಚ್ಚಿಹೋಗಿ, ನಾವು ‘ಮೊದಲನೆಯದು’ ಎಂದುಕೊಂಡದ್ದು ಎರಡನೆಯದಾಗಿರುತ್ತದೆ.

ಎರಡನೆಯದು, ಪಿ ಮತ್ತು ಎಸ್ ಅಲೆಗಳ ಅನುಪಾತ. ಸ್ಫೋಟದಲ್ಲಿ ಪಿ ಜೋರು, ಅಡ್ಡಡ್ಡ ಅಲುಗಿಸುವ ಎಸ್ ದುರ್ಬಲ. ಭೂಕಂಪದಲ್ಲಿ ಎಸ್‌ದೇ ದರಬಾರು. ಈ ವ್ಯತ್ಯಾಸ ಸುಮಾರು 6 ಹರ್ಟ್ಜ್‌ಗಿಂತ ಹೆಚ್ಚಿನ ಆವೃತ್ತಿಯಲ್ಲಿ ಸ್ಪಷ್ಟ. 1–2 ಹರ್ಟ್ಜ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಹೆಚ್ಚಿನ ಆವೃತ್ತಿ ದಾರಿಯಲ್ಲೇ ಸವೆದುಹೋಗುವುದರಿಂದ ಕೆಲವು ನೂರು ಕಿ.ಮೀ. ಹತ್ತಿರದ ಕೇಂದ್ರ ಬೇಕು. ಸಣ್ಣ ಸ್ಫೋಟಗಳ ಮಟ್ಟಿಗೆ ಇಂದು ಹೆಚ್ಚು ನಂಬಿಕೆಗೆ ಅರ್ಹವಾದ ಗುರುತು ಇದೇ.

ಮೂರನೆಯದು ಎರಡು ಬಗೆಯ ಮ್ಯಾಗ್ನಿಟ್ಯೂಡ್‌ಗಳ (ಕಂಪನದ ಗಾತ್ರ ಹೇಳುವ ಅಂಕಿಗಳ) ಹೋಲಿಕೆ. ಸುಮಾರು 1 ಸೆಕೆಂಡ್ ಅವಧಿಯ ಪಿ ಅಲೆಯಿಂದ ಅಳೆದದ್ದು ಎಂಬಿ. 20 ಸೆಕೆಂಡ್ ಅವಧಿಯ ಮೇಲ್ಮೈ ಅಲೆಯಿಂದ ಅಳೆದದ್ದು ಎಂಎಸ್. ಒಂದೇ ಎಂಬಿ ಇರುವ ಭೂಕಂಪಕ್ಕಿಂತ ಸ್ಫೋಟದ ಎಂಎಸ್ ಕಡಿಮೆ ಇರಬೇಕು. ದಶಕಗಳ ಕಾಲ ಇದೇ ಮುಖ್ಯ ಜರಡಿಯಾಗಿತ್ತು. ಉತ್ತರ ಕೊರಿಯಾದ ಪುಂಗ್ಗೇರಿಯ ಪರೀಕ್ಷೆಗಳು ಈ ಜರಡಿಗೆ ಮುಜುಗರ ತಂದವು. ಅಲ್ಲಿನ ಮೇಲ್ಮೈ ಅಲೆಗಳು ನಿರೀಕ್ಷೆಗಿಂತ ಬಲವಾಗಿದ್ದು, ಸ್ಫೋಟಗಳು ಭೂಕಂಪಗಳ ಗುಂಪಿನ ಅಂಚಿಗೆ ಬಂದು ಕುಳಿತವು. ಗಡಿಗೆರೆಯನ್ನೇ ಹೊಸದಾಗಿ ಎಳೆಯಬೇಕಾಯಿತು. ಅದೇ ಪರೀಕ್ಷೆಗಳನ್ನು ಚೀನಾದ ಮುಡಾನ್‌ಜಿಯಾಂಗ್ ಕೇಂದ್ರದ ಪಿ–ಎಸ್ ಅನುಪಾತ ಗೊಂದಲವಿಲ್ಲದೆ ಬೇರ್ಪಡಿಸಿತು.

ಕೊನೆಗೆ ಆಳ. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದ್ದು, 12 ಕಿ.ಮೀ.ಗಿಂತ ತುಸು ಹೆಚ್ಚು. ಘಟನೆ 20 ಕಿ.ಮೀ. ಆಳದ್ದು ಎಂದು ಖಚಿತವಾದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಆಳ ಕಡಿಮೆ ಎಂದ ಮಾತ್ರಕ್ಕೆ ಸ್ಫೋಟ ಎನ್ನುವಂತಿಲ್ಲ. ಮೇಲ್ಪದರದ ಭೂಕಂಪಗಳು ಬೇಕಾದಷ್ಟಿವೆ.

ಪ್ರಶ್ನೆ: ನಮ್ಮೂರ ಹತ್ತಿರದ ಭೂಕಂಪ ಕೇಂದ್ರ ಅಣುಪರೀಕ್ಷೆ ಪತ್ತೆಗೆಂದೇ ಬಂದದ್ದು ಎನ್ನುತ್ತಾರೆ. ನಿಜವೇ? ಅಲ್ಲಿನ ಯಂತ್ರಗಳನ್ನು ಹೊಲಗಳ ನಡುವೆ ಅಷ್ಟು ದೂರ ದೂರ ಹರಡಿರುವುದೇಕೆ?
– ಓದುಗರು, ಗೌರಿಬಿದನೂರು

ಉತ್ತರ: ನಿಜ. 1958ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು ಭೂಗತ ಪರೀಕ್ಷೆಗಳ ಪತ್ತೆ ಹೇಗೆಂದು ಚರ್ಚಿಸಿದ ಮೇಲೆ, ಒಂಟಿ ಯಂತ್ರದ ಬದಲು ಯಂತ್ರಗಳ ಗುಂಪು ಬೇಕೆಂಬುದು ಖಚಿತವಾಯಿತು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಒಂದೇ ಮಾದರಿಯ ಗುಂಪುಗಳನ್ನು ಬೇರೆ ಬೇರೆ ದೇಶಗಳ ಜೊತೆ ಸೇರಿ ಕಟ್ಟಿತು: ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ, 1965ರಲ್ಲಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರದ (ಬಾರ್ಕ್) ಸಹಯೋಗದಲ್ಲಿ ಗೌರಿಬಿದನೂರು. (ನಿಮ್ಮೂರಿನ ರೇಡಿಯೊ ದೂರದರ್ಶಕ ಕೇಂದ್ರವೇ ಬೇರೆ, ಇದೇ ಬೇರೆ. ಪತ್ರಗಳಲ್ಲಿ ಎರಡೂ ಕಲಸಿವೆ.)

ಇಲ್ಲಿ ‘ಎಲ್’ ಅಕ್ಷರದಂತೆ ಎರಡು ತೋಳು, ಒಂದೊಂದೂ ಸುಮಾರು 25 ಕಿ.ಮೀ., ಒಟ್ಟು 20 ಭೂಕಂಪಮಾಪಕಗಳು. ದೂರದ ಎಂಬಿ 4ರ ಸ್ಫೋಟ ಇಲ್ಲಿನ ನೆಲವನ್ನು ಅಲುಗಿಸುವುದು ಸುಮಾರು 1 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಗಾಳಿಗೆ ಅಲುಗುವ ಮರ, ಲಾರಿ, ಪಂಪ್‌ಸೆಟ್, ದೂರದ ಸಮುದ್ರದ ಅಲೆಗಳ ತಾಡನ, ಎಲ್ಲವೂ ಇದಕ್ಕೆ ಎದುರಾಳಿಗಳು. ಕಗ್ಗಲ್ಲಿನ ನೆಲ, ಕರಾವಳಿಯಿಂದ ದೂರ ಎಂಬ ಎರಡು ಕಾರಣಕ್ಕೆ ಈ ಜಾಗ ಒಳ್ಳೆಯದು.

ಇನ್ನು ಹರಡಿರುವುದೇಕೆ? ಲೆಕ್ಕ ಹಾಕಿ ನೋಡಿ. ಪುಂಗ್ಗೇರಿಯಿಂದ ಗೌರಿಬಿದನೂರಿಗೆ ಸುಮಾರು 5,850 ಕಿ.ಮೀ. ಪಿ ಅಲೆ ಭೂಮಿಯ ಒಳಗಿನಿಂದ ಬಾಗಿ ಬಂದು ತಲುಪಲು ಒಂಬತ್ತು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಕೆಳಗಿನಿಂದ ಓರೆಯಾಗಿ ಏರುವುದರಿಂದ, ನೆಲದ ಮೇಲೆ ಅದು ಸೆಕೆಂಡಿಗೆ ಸುಮಾರು 15 ಕಿ.ಮೀ. ವೇಗದಲ್ಲಿ ಓಡಿದಂತೆ ಕಾಣುತ್ತದೆ. ಅಲೆ ಬರುವ ದಿಕ್ಕಿನಲ್ಲೇ ಇರುವ 25 ಕಿ.ಮೀ. ತೋಳಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು 1.7 ಸೆಕೆಂಡ್. ಪ್ರತಿ ಯಂತ್ರದ ದಾಖಲೆಯನ್ನು ಅದರದರ ವಿಳಂಬದಷ್ಟು ಹಿಂದಕ್ಕೆ ಸರಿಸಿ ಕೂಡಿಸಿದರೆ ಸಂಕೇತ 20 ಪಟ್ಟು ಬೆಳೆಯುತ್ತದೆ. ಒಂದೊಂದು ಕಡೆ ಒಂದೊಂದು ಥರ ಇರುವ ಗದ್ದಲ 20ರ ವರ್ಗಮೂಲದಷ್ಟು, ಅಂದರೆ 4.5 ಪಟ್ಟು ಮಾತ್ರ. ಲಾಭ ಸುಮಾರು 4.5 ಪಟ್ಟು. ಯಾವ ವಿಳಂಬಕ್ಕೆ ಕೂಡಿಸಿದಾಗ ಸಂಕೇತ ಎದ್ದು ಕಂಡಿತೋ ಅದರಿಂದ ದಿಕ್ಕು ಗೊತ್ತಾಗುತ್ತದೆ, ಮೇಲ್ನೋಟದ ವೇಗದಿಂದ ದೂರ ಅಂದಾಜಾಗುತ್ತದೆ. ಎರಡು ತೋಳು ಬೇಕಾದದ್ದು ಅದಕ್ಕೇ. ಒಂದೇ ಸಾಲಿದ್ದರೆ ಅಲೆ ಎಡದಿಂದ ಬಂತೋ ಬಲದಿಂದ ಬಂತೋ ಹೇಳಲಾಗದು. ಯಂತ್ರಗಳು ತೀರ ಹತ್ತಿರವಿದ್ದರೆ ಗದ್ದಲವೂ ಎಲ್ಲದರಲ್ಲಿ ಒಂದೇ ಆಗಿ ಅದೂ ಬೆಳೆಯುತ್ತದೆ. ತೀರ ದೂರವಿದ್ದರೆ ಅಲೆಯ ಆಕಾರವೇ ಬದಲಾಗಿ ಕೂಡುವುದಿಲ್ಲ. ಗಡಿಯಾರಗಳು ಸೆಕೆಂಡಿನ ಹತ್ತನೇ ಒಂದರಷ್ಟು ಹೊಂದದಿದ್ದರೂ ದಿಕ್ಕು ತಪ್ಪುತ್ತದೆ.

ಇದರ ಸೋದರ ಕೇಂದ್ರಗಳಾದ ಯೆಲೋನೈಫ್, ವಾರಮುಂಗಾ ಇಂದು ಅಣುಪರೀಕ್ಷೆಗಳ ಮೇಲೆ ಕಣ್ಣಿಡುವ ವಿಯೆನ್ನಾದ ಅಂತರರಾಷ್ಟ್ರೀಯ ಜಾಲದಲ್ಲಿವೆ. ಭಾರತ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ, ಅಂದರೆ ಸಿಟಿಬಿಟಿಗೆ, ಸಹಿ ಹಾಕದ ಕಾರಣ ಗೌರಿಬಿದನೂರು ಅದರಲ್ಲಿ ಇಲ್ಲ.

ಪ್ರಶ್ನೆ: ನಮ್ಮ ಸುತ್ತ ದಿನವೂ ಕ್ವಾರಿ ಸ್ಫೋಟ. ಇವು ಅಣುಪರೀಕ್ಷೆ ಎಂದು ತಪ್ಪಾಗಿ ದಾಖಲಾಗುವುದಿಲ್ಲವೇ?
– ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಹೊರದೇಶದ ಯಂತ್ರಗಳಿಗೆ ನಿಮ್ಮೂರ ಕ್ವಾರಿ ಕೇಳಿಸುವುದೇ ಇಲ್ಲ. ಹತ್ತಿರದ ಕೇಂದ್ರಕ್ಕೆ ಮಾತ್ರ ಇದು ನಿತ್ಯದ ತಲೆನೋವು. ಕ್ವಾರಿಯಲ್ಲಿ ಎಲ್ಲ ಕುಳಿಗಳನ್ನೂ ಒಂದೇ ಕ್ಷಣಕ್ಕೆ ಸಿಡಿಸುವುದಿಲ್ಲ. ಸಾಲಿನಿಂದ ಸಾಲಿಗೆ ಕೆಲವು ಹತ್ತು ಮಿಲಿಸೆಕೆಂಡ್ ಅಂತರ ಕೊಡುತ್ತಾರೆ. ಕಲ್ಲು ಚೆನ್ನಾಗಿ ಒಡೆಯಲಿ, ಪಕ್ಕದ ಮನೆಗಳು ಅದುರದಿರಲಿ ಎಂದು. ಈ ಅಂತರ ಸಂಕೇತದ ಆವೃತ್ತಿ ಪಟ್ಟಿಯಲ್ಲಿ ಸಮ ಅಂತರದ ಪಟ್ಟೆಗಳಾಗಿ ಕಾಣುತ್ತದೆ: 100 ಮಿಲಿಸೆಕೆಂಡ್ ಅಂತರವಿದ್ದರೆ 10 ಹರ್ಟ್ಜ್‌ಗೊಂದು ಏರು, ಇಡೀ ಸ್ಫೋಟ ಅರ್ಧ ಸೆಕೆಂಡ್ ನಡೆದರೆ 2 ಹರ್ಟ್ಜ್‌ಗೊಂದು ತಗ್ಗು. ಭೂಕಂಪದಲ್ಲಾಗಲಿ, ಒಂಟಿ ಸ್ಫೋಟದಲ್ಲಾಗಲಿ ಇಂಥ ಪಟ್ಟೆ ಇರುವುದಿಲ್ಲ. 25 ಮಿಲಿಸೆಕೆಂಡ್ ಅಂತರವಾದರೆ ಏರು 40 ಹರ್ಟ್ಜ್‌ನಲ್ಲಿ ಬೀಳುತ್ತದೆ. ಸೆಕೆಂಡಿಗೆ 40 ಬಾರಿ ಅಳೆಯುವ ಯಂತ್ರ 20 ಹರ್ಟ್ಜ್ ಮೇಲಿನದನ್ನು ಹಿಡಿಯಲಾರದು, ಆಗ ಪಟ್ಟೆ ಇದ್ದರೂ ಕಾಣದು. ಜೊತೆಗೆ ಕ್ವಾರಿಯವರು ಸಿಡಿಸುವುದು ಹಗಲಿನ ಕೆಲಸದ ಹೊತ್ತಿನಲ್ಲಿ, ಅವೇ ಜಾಗಗಳಲ್ಲಿ. ಸರಳವಾದರೂ ಇದು ಬಲು ಉಪಯುಕ್ತ ಸುಳಿವು. 300 ಟನ್ ಟಿಎನ್‌ಟಿಗೆ ಸಮನಾದ ಅಥವಾ ಅದಕ್ಕೂ ದೊಡ್ಡ ಗಣಿ ಸ್ಫೋಟವನ್ನು ಸ್ವಯಂಪ್ರೇರಣೆಯಿಂದ ತಿಳಿಸಿ ಎಂದು ಒಪ್ಪಂದವೇ ಕೇಳುತ್ತದೆ.

ಪ್ರಶ್ನೆ: 1998ರ ಪೋಖ್ರಾನ್ ಪರೀಕ್ಷೆಯ ಶಕ್ತಿಯ ಬಗ್ಗೆ ನಮ್ಮವರು ಒಂದು ಹೇಳಿದರು, ಹೊರಗಿನವರು ಇನ್ನೊಂದು. ಒಂದೇ ಅಲೆಯಿಂದ ಎರಡು ಉತ್ತರ ಹೇಗೆ?
– ನಿವೃತ್ತ ಎಂಜಿನಿಯರ್, ಮೈಸೂರು. ಇದೇ ಪ್ರಶ್ನೆ ಶಿವಮೊಗ್ಗದಿಂದಲೂ

ಉತ್ತರ: ಎಲ್ಲಿ ಸಿಡಿಯಿತು, ಸ್ಫೋಟ ಹೌದೋ ಅಲ್ಲವೋ ಎಂಬುದನ್ನು ಭೂಕಂಪಶಾಸ್ತ್ರ ಚೆನ್ನಾಗಿ ಹೇಳುತ್ತದೆ. ಎಷ್ಟು ಕಿಲೋಟನ್ (ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿಯಷ್ಟು ಶಕ್ತಿ) ಎಂಬಲ್ಲಿ ಅದರ ಕಾಲು ತೊಡರುತ್ತದೆ. ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್ಸ್ಕ್ ಮೈದಾನಕ್ಕೆ ಬಳಸುವ ಸಮೀಕರಣ ಹೀಗಿದೆ: ಎಂಬಿ = 4.45 + 0.75 × ಲಾಗ್ (ಕಿಲೋಟನ್). ಇದರಲ್ಲಿ ಎಂಬಿ 0.2 ಹೆಚ್ಚಿದರೆ ಶಕ್ತಿ ಹತ್ತಿರ ಹತ್ತಿರ ಇಮ್ಮಡಿ. 2017ರ ಸೆಪ್ಟೆಂಬರ್ 3ರ ಉತ್ತರ ಕೊರಿಯಾ ಪರೀಕ್ಷೆಗೆ ವಿಯೆನ್ನಾದವರು ಎಂಬಿ 6.1 ಎಂದರು, ಅಮೆರಿಕದ ಭೂಗರ್ಭ ಸಮೀಕ್ಷೆ 6.3 ಎಂದಿತು. ಸಮೀಕರಣಕ್ಕೆ ಹಾಕಿ: ಒಂದಕ್ಕೆ ಸುಮಾರು 160 ಕಿಲೋಟನ್, ಇನ್ನೊಂದಕ್ಕೆ 290.

ಅದಕ್ಕಿಂತ ದೊಡ್ಡ ತೊಡಕು 4.45 ಎಂಬ ಆ ಮೊದಲ ಅಂಕಿ. ಅದು ಊರಿಂದ ಊರಿಗೆ ಬದಲಾಗುತ್ತದೆ. ಅಮೆರಿಕದ ನೆವಾಡಾದ ಕೆಳಗಿನ ಬಿಸಿ ಪದರ ಅಲೆಗಳನ್ನು ಹೀರಿಕೊಳ್ಳುತ್ತದೆ. ಅಲ್ಲಿನ ಸ್ಫೋಟ, ಗಟ್ಟಿ ನೆಲದ ಸೆಮಿಪಲಾಟಿನ್ಸ್ಕ್‌ನ ಅಷ್ಟೇ ಶಕ್ತಿಯ ಸ್ಫೋಟಕ್ಕಿಂತ 0.35ರಷ್ಟು ಕಡಿಮೆ ತೋರುತ್ತದೆ. ನೆವಾಡಾದ ಅಳತೆಗೋಲನ್ನು ಸೋವಿಯತ್ ಸ್ಫೋಟಕ್ಕೆ ಇಟ್ಟರೆ ಶಕ್ತಿ ಮೂರು ಪಟ್ಟು ಹೆಚ್ಚಾಗಿ ಕಾಣುತ್ತದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ 1974ರ ಒಪ್ಪಂದದ 150 ಕಿಲೋಟನ್ ಮಿತಿಯನ್ನು ಸೋವಿಯತ್ತರು ಮೀರಿದರು ಎಂದು 1980ರ ದಶಕದಲ್ಲಿ ಎದ್ದ ಆರೋಪದ ಬುಡ ಇದೇ. 1988ರ ಆಗಸ್ಟ್‌ನಲ್ಲಿ ನೆವಾಡಾದಲ್ಲಿ, ಸೆಪ್ಟೆಂಬರ್‌ನಲ್ಲಿ ಸೆಮಿಪಲಾಟಿನ್ಸ್ಕ್‌ನಲ್ಲಿ ಎರಡೂ ದೇಶ ಒಂದೊಂದು ಸ್ಫೋಟ ನಡೆಸಿ, ಎದುರಾಳಿಯ ತಜ್ಞರಿಗೆ ಸ್ಥಳದಲ್ಲೇ ಅಳೆಯಲು ಬಿಟ್ಟಾಗ ಗಲಾಟೆ ತಣ್ಣಗಾಯಿತು.

ಈಗ ಪೋಖ್ರಾನ್. 1998ರ ಮೇ 11ರ ಮೂರು ಸ್ಫೋಟಗಳ ಒಟ್ಟು ಶಕ್ತಿ ಸುಮಾರು 58 ಕಿಲೋಟನ್ ಎಂದು ಭಾರತ ಹೇಳಿತು. ಹೊರಗೆ ಅಳೆದ ಎಂಬಿ ಸುಮಾರು 5.2. ಮೇಲಿನ ಸಮೀಕರಣದಲ್ಲಿ ಅದು 10 ಕಿಲೋಟನ್, 58ಕ್ಕೆ 5.8 ಹತ್ತಿರ ಬರಬೇಕಿತ್ತು. ಬಾರ್ಕ್ ವಿಜ್ಞಾನಿಗಳ ವಾದ ಎರಡು: ಕೇಂದ್ರಗಳ ಸರಾಸರಿ ಸರಿಯಾಗಿಲ್ಲ, ಸುಮಾರು 1 ಕಿ.ಮೀ. ದೂರದ ಎರಡು ಬಾವಿಗಳಲ್ಲಿ ಒಮ್ಮೆಗೇ ಸಿಡಿದದ್ದರಿಂದ ಅಲೆಗಳು ಕೆಲವು ದಿಕ್ಕಿನಲ್ಲಿ ಒಂದನ್ನೊಂದು ತಗ್ಗಿಸಿವೆ. ಬಾವಿಗಳಿಂದ ತೆಗೆದ ಬಂಡೆಯ ವಿಕಿರಣ ವಿಶ್ಲೇಷಣೆಯನ್ನೂ ಅವರು ಆಧಾರವಾಗಿ ಕೊಟ್ಟರು. ಅಲೆ ತಗ್ಗಿಸುವ ವಾದವನ್ನು ಓದುಗರೇ ಪರೀಕ್ಷಿಸಬಹುದು. 1 ಕಿ.ಮೀ.ಯನ್ನು 15 ಕಿ.ಮೀ. ವೇಗದಿಂದ ಭಾಗಿಸಿದರೆ ಎರಡು ಪಿ ಅಲೆಗಳ ನಡುವೆ 0.07 ಸೆಕೆಂಡ್. ಅಲೆಯ ಅವಧಿ ಸುಮಾರು 1 ಸೆಕೆಂಡ್ ಇರುವಾಗ ಅಷ್ಟು ಅಂತರ ಅದನ್ನು ಹೆಚ್ಚೇನೂ ತಗ್ಗಿಸದು. ಸೆಕೆಂಡಿಗೆ 3.5 ಕಿ.ಮೀ. ಓಡುವ ನಿಧಾನದ ಅಲೆಗಳಿಗಾದರೆ ಅಂತರ 0.29 ಸೆಕೆಂಡ್, ಅಲ್ಲಿ ಪರಿಣಾಮ ಕಾಣಬಹುದು. ನಮ್ಮ ಎಣಿಕೆಯಲ್ಲಿ ದೂರದ ಪಿ ಅಲೆಗಳ ಮಟ್ಟಿಗೆ ಈ ವಾದ ಪೂರ್ತಿ ಅಂತರವನ್ನು ತುಂಬುವುದಿಲ್ಲ. ಡಿಆರ್‌ಡಿಒದಲ್ಲಿದ್ದ ಕೆ. ಸಂತಾನಂ 2009ರಲ್ಲಿ ಉಷ್ಣಬೈಜಿಕ ಸಾಧನ (ಹೈಡ್ರೋಜನ್ ಬಾಂಬ್) ನಿರೀಕ್ಷಿತ ಶಕ್ತಿ ಕೊಡಲಿಲ್ಲ ಎಂದದ್ದೂ, ಅಣುಶಕ್ತಿ ಇಲಾಖೆ ಅದನ್ನು ಒಪ್ಪದಿದ್ದದ್ದೂ ಎಲ್ಲರಿಗೂ ತಿಳಿದದ್ದೇ.

ಮೇ 13ರ 0.3 ಮತ್ತು 0.5 ಕಿಲೋಟನ್ ಸ್ಫೋಟಗಳನ್ನು ಅಂತರರಾಷ್ಟ್ರೀಯ ಜಾಲ ಹಿಡಿಯಲೇ ಇಲ್ಲ. ಸಡಿಲ ಒಣ ಮರಳಿನಲ್ಲಿ ಸಿಡಿದರೆ ಶಕ್ತಿ ಮರಳಿನ ಸಂದುಗಳನ್ನು ಅಮುಕುವುದರಲ್ಲೇ ಖರ್ಚಾಗಿ ಅಲೆಗೆ ಉಳಿಯುವುದು ಅತ್ಯಲ್ಪ.

ಪ್ರಶ್ನೆ: ಹಾಗಿದ್ದರೆ ದೊಡ್ಡ ಗುಹೆ ಕೊರೆದು ಅದರೊಳಗೆ ಸಿಡಿಸಿದರೆ ಯಾರಿಗೂ ಗೊತ್ತಾಗದಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಅಮೆರಿಕ ಇದನ್ನು ಮಾಡಿಯೇ ನೋಡಿದೆ. 1964ರ ಅಕ್ಟೋಬರ್‌ನಲ್ಲಿ ಮಿಸಿಸಿಪಿಯ ಉಪ್ಪಿನ ಪದರದಲ್ಲಿ 5.3 ಕಿಲೋಟನ್‌ನ ‘ಸಾಲ್ಮನ್’ ಸಿಡಿದು ಸುಮಾರು 17 ಮೀಟರ್ ತ್ರಿಜ್ಯದ ಪೊಳ್ಳು ಉಂಟಾಯಿತು. 1966ರ ಡಿಸೆಂಬರ್‌ನಲ್ಲಿ ಆ ಪೊಳ್ಳಿನೊಳಗೇ 0.38 ಕಿಲೋಟನ್‌ನ ‘ಸ್ಟರ್ಲಿಂಗ್’ ಸಿಡಿಸಿದರು. ಅಲೆ ಸುಮಾರು 70 ಪಟ್ಟು ಕುಗ್ಗಿತು, ಮ್ಯಾಗ್ನಿಟ್ಯೂಡ್‌ನಲ್ಲಿ 1.8ರಷ್ಟು.

ಕಾಗದದ ಮೇಲೆ ಸುಲಭ. 1 ಕಿಲೋಟನ್ ಮರೆಮಾಚಲು ಸುಮಾರು 1 ಕಿ.ಮೀ. ಆಳದ ಉಪ್ಪಿನಲ್ಲಿ 25 ಮೀಟರ್ ತ್ರಿಜ್ಯದ ಗೋಳ ಬೇಕು. ಅಂದರೆ 65,000 ಘನ ಮೀಟರ್, ಸುಮಾರು 1.4 ಲಕ್ಷ ಟನ್ ಉಪ್ಪು. ನೀರು ಬಿಟ್ಟು ಕರಗಿಸಿ ತೆಗೆಯುವುದಾದರೆ ಕನಿಷ್ಠ 4 ಲಕ್ಷ ಘನ ಮೀಟರ್ ನೀರು ಬೇಕು, ಆ ಉಪ್ಪುನೀರನ್ನು ಉಪಗ್ರಹದ ಕಣ್ಣಿಗೆ ಬೀಳದಂತೆ ಎಲ್ಲಿಗಾದರೂ ಸಾಗಿಸಬೇಕು. ಗಟ್ಟಿ ಬಂಡೆಯಲ್ಲಿ ಅಷ್ಟು ದೊಡ್ಡ ಪೊಳ್ಳು ಬಿರುಕಿಲ್ಲದೆ ನಿಲ್ಲುವುದು ಕಷ್ಟ, ಬಿರುಕಿದ್ದರೆ ಅನಿಲ ಸೋರುತ್ತದೆ. ಮೊದಲ ಬಾರಿ ಬಾಂಬ್ ಮಾಡುವವರಿಗೆ ತಮ್ಮ ಸಾಧನ ಎಷ್ಟು ಕಿಲೋಟನ್ ಕೊಡುತ್ತದೆಂಬ ಖಾತರಿಯೂ ಇರುವುದಿಲ್ಲ. ಎಣಿಕೆಗಿಂತ ಮೂರು ಪಟ್ಟು ಸಿಡಿದರೆ ಪೊಳ್ಳು ಸಾಲದು.

ಪ್ರಶ್ನೆ: ಸ್ಫೋಟ ಅಣುವಿನದ್ದೇ ಎಂದು ಖಚಿತಪಡಿಸುವುದು ಯಾವುದು?
– ಪಿಯು ಉಪನ್ಯಾಸಕಿ, ಉಡುಪಿ

ಉತ್ತರ: ಅಣು ಸೀಳಿದಾಗ ಹುಟ್ಟುವ ವಿಕಿರಣಶೀಲ ಕ್ಸೆನಾನ್. ಬಂಡೆಯೊಂದಿಗೆ ಬೆರೆಯದ ಈ ಅನಿಲ ಬಿರುಕುಗಳಿಂದ ಸೋರಿ ಗಾಳಿಗೆ ಬರುತ್ತದೆ. 2006ರ ಅಕ್ಟೋಬರ್ 9ರ ಉತ್ತರ ಕೊರಿಯಾ ಪರೀಕ್ಷೆಯ ಕ್ಸೆನಾನ್ ಎರಡು ವಾರದ ಮೇಲೆ ಕೆನಡಾದ ಯೆಲೋನೈಫ್‌ನಲ್ಲಿ ಸಿಕ್ಕಿತು. 2009ರ ಪರೀಕ್ಷೆ ಅದಕ್ಕಿಂತ ದೊಡ್ಡದಾದರೂ ಏನೂ ಸಿಗಲಿಲ್ಲ. 2013ರ ಫೆಬ್ರುವರಿ 12ರದ್ದು ಸಿಕ್ಕಿದ್ದು 55 ದಿನಗಳ ನಂತರ, ಜಪಾನಿನ ತಕಸಾಕಿಯಲ್ಲಿ. ಕ್ಸೆನಾನ್-133ರ ಅರ್ಧಾಯುಷ್ಯ 5.2 ದಿನ, 55 ದಿನಕ್ಕೆ ಅದು ಸಾವಿರಕ್ಕೂ ಹೆಚ್ಚು ಪಟ್ಟು ಇಳಿದಿರುತ್ತದೆ. ಸುಮಾರು 12 ದಿನ ಅರ್ಧಾಯುಷ್ಯದ ಕ್ಸೆನಾನ್-131ಎಂ ಇಳಿಯುವುದು 25 ಪಟ್ಟು ಮಾತ್ರ. ಎರಡರ ಅನುಪಾತದಿಂದ ಸ್ಫೋಟದ ದಿನವನ್ನು ಹಿಂದಕ್ಕೆ ಎಣಿಸಬಹುದು. ಆಸ್ಪತ್ರೆಗಳಿಗೆ ವಿಕಿರಣ ಔಷಧದ ಐಸೊಟೋಪ್ ತಯಾರಿಸುವ ಘಟಕಗಳೂ ಕ್ಸೆನಾನ್ ಬಿಡುವುದರಿಂದ ಈ ಅನುಪಾತವಿಲ್ಲದೆ ಬರೀ ‘ಕ್ಸೆನಾನ್ ಸಿಕ್ಕಿತು’ ಎಂದರೆ ಬೆಲೆಯಿಲ್ಲ.

ಪ್ರಶ್ನೆ: 2024ರ ಅಕ್ಟೋಬರ್‌ನಲ್ಲಿ ಇರಾನಿನಲ್ಲಿ ಆದ ಕಂಪನ ‘10 ಕಿ.ಮೀ. ಆಳ, ಆದ್ದರಿಂದ ಅಣುಪರೀಕ್ಷೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು.
– ಓದುಗರು, ಕಲಬುರಗಿ

ಉತ್ತರ: ಅಕ್ಟೋಬರ್ 5ರ ಸೆಮ್ನಾನ್ ಪ್ರಾಂತ್ಯದ ಆ ಕಂಪನ 4.5ರದ್ದು, ಭೂಕಂಪಕ್ಕೆ ಹೆಸರಾದ ಸೀಮೆಯಲ್ಲಿ ಆದ ಸಹಜ ಭೂಕಂಪ. 10 ಕಿ.ಮೀ. ಆಳದಲ್ಲಿ ಯಾರೂ ಬಾಂಬ್ ಇಡುವುದಿಲ್ಲ. ಪರೀಕ್ಷೆಗಳು ನಡೆಯುವುದು ಕೆಲವು ನೂರು ಮೀಟರಿನಿಂದ ಒಂದೆರಡು ಕಿ.ಮೀ.ಯೊಳಗೆ. ಇನ್ನೊಂದು ಗುಟ್ಟು: ಪಟ್ಟಿಯಲ್ಲಿ ‘10 ಕಿ.ಮೀ.’ ಎಂದು ಇಡಿಯಾಗಿ ಕಂಡರೆ ಅದು ಅನೇಕ ಸಲ ಅಳತೆಯೇ ಅಲ್ಲ. ಆಳ ಲೆಕ್ಕ ಹಾಕಲು ಹತ್ತಿರದ ಕೇಂದ್ರಗಳು ಸಾಲದಿದ್ದಾಗ ತಂತ್ರಾಂಶದಲ್ಲಿ ಕೂರಿಸುವ ಅಂಕಿ ಅದು. ತಜ್ಞರೂ ಇಂಥ ಗೊಂದಲಕ್ಕೆ ಬಿದ್ದದ್ದುಂಟು. 1997ರ ಆಗಸ್ಟ್ 16ರಂದು ರಷ್ಯಾದ ನೊವಾಯಾ ಜೆಮ್ಲ್ಯಾ ಪರೀಕ್ಷಾ ಸ್ಥಳದ ಕಡೆ ಸಣ್ಣ ಕಂಪನ ಕಂಡು ಅಮೆರಿಕದಲ್ಲಿ ಅನುಮಾನ ಎದ್ದಿತ್ತು. ಜಾಗ ಸರಿಯಾಗಿ ಗುರುತಿಸಿದಾಗ ಅದು ಪರೀಕ್ಷಾ ಸ್ಥಳದಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರ, ಕಾರಾ ಸಮುದ್ರದ ತಳದಲ್ಲಿತ್ತು.

ಪ್ರಶ್ನೆ: ಒಪ್ಪಂದವೇ ಜಾರಿಗೆ ಬಂದಿಲ್ಲವೆಂದರೆ ಇಷ್ಟೆಲ್ಲ ಯಂತ್ರ ಯಾಕೆ?
– ಓದುಗರು, ಬೆಂಗಳೂರು

ಉತ್ತರ: ಸಿಟಿಬಿಟಿ 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆಯಿತು. ಪಟ್ಟಿ ಮಾಡಿದ 44 ದೇಶಗಳೂ ಅನುಮೋದಿಸಿದರೆ ಮಾತ್ರ ಜಾರಿ. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ, ಚೀನಾ ಸಹಿ ಹಾಕಿ ಅನುಮೋದಿಸಿಲ್ಲ. ರಷ್ಯಾ 2023ರಲ್ಲಿ ತನ್ನ ಅನುಮೋದನೆ ಹಿಂತೆಗೆದುಕೊಂಡಿತು. ಆದರೂ ಒಪ್ಪಂದದಲ್ಲಿ ಹೇಳಿದ 337 ಕೇಂದ್ರಗಳಲ್ಲಿ (ಇವುಗಳಲ್ಲಿ 50 ಪ್ರಧಾನ, 120 ಸಹಾಯಕ ಭೂಕಂಪ ಕೇಂದ್ರಗಳು) ಬಹುಪಾಲು ಕೆಲಸ ಮಾಡುತ್ತಿವೆ. ಜಾರಿಯಾಗದ್ದರಿಂದ ಇಲ್ಲದ್ದು ಒಂದೇ, ಆದರೆ ದೊಡ್ಡದು: ಅನುಮಾನ ಬಂದ 1,000 ಚದರ ಕಿ.ಮೀ.ವರೆಗಿನ ಜಾಗಕ್ಕೆ ತನಿಖಾ ತಂಡ ಕಳುಹಿಸುವ ಅಧಿಕಾರ.

ಪ್ರಶ್ನೆ: ನಾನೇ ಒಂದು ಅಣುಪರೀಕ್ಷೆಯ ದಾಖಲೆ ನೋಡಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿ, ಮಂಗಳೂರು

ಉತ್ತರ: ಖಂಡಿತ. ಭೂಕಂಪ ದಾಖಲೆಗಳನ್ನು ಓದುವ, ಪೈಥಾನ್‌ನ ‘ಆಬ್ಸ್‌ಪೈ’ ತಂತ್ರಾಂಶ ಉಚಿತ. ಅರ್ಥ್‌ಸ್ಕೋಪ್ ಸಂಗ್ರಹದಿಂದ ದತ್ತಾಂಶವೂ ಉಚಿತ. ಜಾಲ ‘ಐಸಿ’, ಕೇಂದ್ರ ‘ಎಂಡಿಜೆ’ (ಮುಡಾನ್‌ಜಿಯಾಂಗ್, ಪುಂಗ್ಗೇರಿಯಿಂದ ಸುಮಾರು 370 ಕಿ.ಮೀ.), ಚಾನೆಲ್ ‘ಬಿಎಚ್‌ಝಡ್’. 2017ರ ಸೆಪ್ಟೆಂಬರ್ 3ರಂದು ಯುಟಿಸಿ 03:29ರಿಂದ 15 ನಿಮಿಷದ ತುಣುಕು ಇಳಿಸಿಕೊಳ್ಳಿ. ಸ್ಫೋಟ 03:30:01ಕ್ಕೆ, ಪಿ ಅಲೆ ಸುಮಾರು 50 ಸೆಕೆಂಡ್ ಆದಮೇಲೆ ಬರುತ್ತದೆ. ಮೊದಲು ಸರಾಸರಿ ಮತ್ತು ಓರೆ ತೆಗೆಯಿರಿ, ತುದಿಗಳನ್ನು ಸವರಿ, ಆಮೇಲೆ ಯಂತ್ರದ ಪ್ರತಿಕ್ರಿಯೆ ತೆಗೆಯಿರಿ. ತುದಿ ಸವರದೆ ಫಿಲ್ಟರ್ ಹಾಕಿದರೆ ಅಂಚಿನಲ್ಲಿ ಸುಳ್ಳು ಅಲೆ ಹುಟ್ಟುತ್ತದೆ.

ಅದೇ ಕೇಂದ್ರದಲ್ಲಿ 2017ರ ಸೆಪ್ಟೆಂಬರ್ 23ರ ಯುಟಿಸಿ 08:29ರ ಘಟನೆಯನ್ನೂ ಇಳಿಸಿಕೊಳ್ಳಿ. ಅದು ಪರೀಕ್ಷಾ ಸ್ಥಳದ ಹತ್ತಿರವೇ ಆದ ಸುಮಾರು 3.5ರ ಭೂಕಂಪ, ಇನ್ನೊಂದು ಪರೀಕ್ಷೆಯೇ ಎಂದು ಆ ದಿನ ಗಾಬರಿಯಾಗಿತ್ತು. ದಾರಿ ಒಂದೇ ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ಎರಡನ್ನೂ 6–8 ಹರ್ಟ್ಜ್‌ನಲ್ಲಿ ಸೋಸಿ, ಪಿ ಭಾಗದ ಮತ್ತು ಎಸ್ ಭಾಗದ ಎತ್ತರ ಅಳೆದು ಭಾಗಿಸಿ. ಅದನ್ನೇ 1–2 ಹರ್ಟ್ಜ್‌ನಲ್ಲೂ ಮಾಡಿ ನೋಡಿದರೆ ಮೊದಲ ಉತ್ತರದಲ್ಲಿ ಹೇಳಿದ್ದು ಕಣ್ಣಿಗೇ ಬೀಳುತ್ತದೆ. ಸಣ್ಣ ಘಟನೆಯಲ್ಲಿ ಪಿ ಬರುವ ಮುಂಚಿನ ಗದ್ದಲವನ್ನೂ ಅಳೆಯಿರಿ. ಸಂಕೇತ ಅದರ ಎರಡು ಪಟ್ಟಾದರೂ ಇಲ್ಲದಿದ್ದರೆ ನೀವು ಭಾಗಿಸುತ್ತಿರುವುದು ಗದ್ದಲವನ್ನು.

ಮೊದಲ ತುಣುಕಿನಲ್ಲಿ ಸ್ಫೋಟವಾದ ಎಂಟೂವರೆ ನಿಮಿಷಕ್ಕೆ, 03:38:30ರ ಸುಮಾರಿಗೆ, ಇನ್ನೊಂದು ಘಟನೆಯಿದೆ: ಸ್ಫೋಟದ ಪೊಳ್ಳು ಕುಸಿದದ್ದು. 6 ಹರ್ಟ್ಜ್‌ನಲ್ಲಿ ಅದನ್ನು ಹುಡುಕಬೇಡಿ, ಹೆಚ್ಚಿನ ಆವೃತ್ತಿ ಅದರಲ್ಲಿ ಬಹಳ ಕಡಿಮೆ. 10ರಿಂದ 30 ಸೆಕೆಂಡ್ ಅವಧಿಯ ಅಲೆಗಳನ್ನಷ್ಟೇ ಉಳಿಸಿಕೊಂಡು ನೋಡಿ, ಆಗ ಎದ್ದು ಕಾಣುತ್ತದೆ.